ಜವರ ವೈಫೈ ಹತ್ತಿಸಿದ್ದು

ದೇವರು ಸಾಕಮ್ಮನಿಗೆ ಒಬ್ಬನೇ ಮಗನನ್ನು ಕೊಟ್ಟ. ಬುದ್ಧಿ ಕೊಡುವ ಹೊತ್ತಿಗೆ ಅವನಿಗೆ ಬೇರೇನೋ ಕೆಲಸ ಬಿತ್ತು. ಮಗನ ಹೆಸರು ಜವರ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ, ಅದೇ ಬಂದ ಕಷ್ಟ. ಊರೂರು ಅಲೆದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಕೊನೆಗೆ ದೂರದ ಊರಿನವರೊಬ್ಬರು, ಸಂಜೆ ಕಂಪ್ಯೂಟರಿನಲ್ಲೇ ಹುಡುಗನನ್ನು ನೋಡುತ್ತೇವೆ ಎಂದರು. ಇದೂ ತಪ್ಪಿದರೆ ಮಗ ಹೀಗೇ ಉಳಿದುಬಿಡುತ್ತಾನಲ್ಲ ಎಂದು ಸಾಕಮ್ಮನಿಗೆ ಸಂಕಟ.

ಮನೆಯಲ್ಲಿ ಅವಳ ತಮ್ಮ ಕೊಟ್ಟ ಹಳೇ ಲ್ಯಾಪ್‌ಟಾಪಿತ್ತು. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಸಾಫ್ಟ್‌ವೇರು. ಬಿಟ್ಟಿ ಸಿಗುವ ಸಾಮಾನು, ಆದರೆ ಪ್ರತಿಯೊಂದಕ್ಕೂ ಅಪ್ಪಣೆ ಕೇಳುವ ಜಾತಿ. ಪಕ್ಕದ ಮನೆ ಮೇಷ್ಟ್ರು ತಮ್ಮ ವೈಫೈ ಬಳಸಿಕೊಳ್ಳಿ ಅಂದಿದ್ದರು, ಲ್ಯಾಪ್‌ಟಾಪಿನಲ್ಲಿ ಅದನ್ನು ಹಿಡಿಯುವ ಕಾರ್ಡೇ ಕೆಟ್ಟಿತ್ತು. ಪೇಟೆಯ ರಿಪೇರಿ ಅಂಗಡಿಯ ಮುನೀರನ ಹತ್ತಿರ ಹೊಸದು ತಾ ಎಂದು ಮಗನನ್ನು ಅಟ್ಟಿದಳು.

ತಂದ. ದಾರಿಯ ಧೂಳು ಮೆತ್ತಿದೆಯೆಂದು ಕೆರೆಯಲ್ಲಿ ತಿಕ್ಕಿ ತೊಳೆದು ತಂದ.

"ಅಯ್ಯೋ ಪೆದ್ದೇ, ಇಂಥದ್ದನ್ನ ಗಾಳಿ ನೀರು ಸೋಕದಂಗೆ ಸುತ್ತಿ, ಬಿಗಿಯಾಗಿ ಕಟ್ಟಿ ತರಬೇಕು ಕಣ್ಲಾ."

"ಆಗ್ಲಿ ಕಣವ್ವ" ಅಂದ.

ಕಾರ್ಡನ್ನು ಒಲೆ ಪಕ್ಕ ಒಣಗಿಸಿ ಸಿಕ್ಕಿಸಿದರೆ ಲಿನಕ್ಸು ಅದರ ಗುರುತೇ ಹಿಡಿಯಲಿಲ್ಲ. ಹೋಗು, ಮುನೀರನನ್ನೇ ಕರೆದುಕೊಂಡು ಬಾ ಎಂದಳು. ಜವರ ಮುನೀರನನ್ನು ಟಾರ್ಪಾಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಸೈಕಲ್ಲಿನ ಹಿಂದೆ ಹೇರಿಕೊಂಡು ಬಂದ. ಬಿಚ್ಚಿದಾಗ ಪಾಪದವನು ಬೆವರಿನಲ್ಲಿ ಮಿಂದಿದ್ದ. ಸಾಕಮ್ಮ ಹಣೆ ಚಚ್ಚಿಕೊಂಡಳು. ಮನೆಗೆ ಬಂದವರನ್ನು ಮಣೆ ಹಾಕಿ ಕೂರಿಸಿ, ಕಾಲಿಗೆ ನೀರು ಕೊಟ್ಟು, ಬಾಯಿಗೆ ಒಂದು ಚೂರು ಬೆಲ್ಲ ಕೊಡಬೇಕು ಕಣ್ಲಾ ಎಂದು ಬೈದಳು. ಆಗ್ಲಿ ಕಣವ್ವ ಅಂದ.

ಮುನೀರ ಒಳ್ಳೆಯವನು, ಸುಧಾರಿಸಿಕೊಂಡು ಕೆಲಸಕ್ಕೆ ಕೂತ. ಕಾರ್ಡಿಗೆ ಬೇಕಾದ ಸಾಫ್ಟ್‌ವೇರು ಅಂಗಡಿಯಲ್ಲಿರುವ ಪೆನ್‌ಡ್ರೈವಿನಲ್ಲಿದೆ, ತಾ ಎಂದ. ಜವರ ತಂದ. ತಂದವನು ಪೆನ್‌ಡ್ರೈವನ್ನು ಮಣೆಯ ಮೇಲೆ ಕೂರಿಸಿದ, ಬುಡಕ್ಕೆ ನೀರು ಬಿಟ್ಟ, ಬಾಯಿಗೆ ಬೆಲ್ಲ ತುರುಕಿದ. ಮುನೀರ ಪಿನ್ನು ಹಾಕಿ ಬೆಲ್ಲ ಕೆದಕುತ್ತ ರೇಗಿದ.

"ನೋಡಪ್ಪ ಜವರ, ನಿನ್ ತಲೆ ಓಡಿಸ್ಲೇಬೇಡ. ಇನ್ಮೇಲೆ ಏನ್ ಕೇಳಿದ್ರೂ ಹೌದು ಅನ್ನು, ಅಷ್ಟೇ."

ಪೆನ್‌ಡ್ರೈವ್ ಸಿಕ್ಕಿಸಿ, ಹೌದು ಅನ್ನುವ ಗುಂಡಿ ತೋರಿಸಿ ಮುನೀರ ಅಂಗಡಿಗೆ ಓಡಿದ. ಸಾಫ್ಟ್‌ವೇರು ಹಾಕಲೇ ಎಂದು ಕೇಳಿತು ಲಿನಕ್ಸು. ಹೌದು. ಹಳೆಯದನ್ನು ತೆಗೆಯಲೇ? ಹೌದು. ನಿಜವಾಗಿಯೂ? ಹೌದು. ವೈಫೈ ಹತ್ತಿಕೊಂಡಿತು. ಹುಟ್ಟಿದಾಗಿನಿಂದ ಮಗನ ಕೈಯಲ್ಲಿ ಒಂದು ಕೆಲಸ ನೆಟ್ಟಗಾಗಿದ್ದು ಇದೇ ಮೊದಲು. ಸಾಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಹೆಣ್ಣಿನ ಅಪ್ಪನ ಮುಖ ಪರದೆಯ ಮೇಲೆ ಬಂತು. ಊಟ ಆಯ್ತೇನಪ್ಪ ಎಂದು ಕೇಳಿದರು. ಹೌದು. ಕುಡಿಯೋ ಚಟ ಉಂಟಾ? ಹೌದು. ಇಸ್ಪೀಟು? ಹೌದು. ಅವರು ಹುಬ್ಬು ಗಂಟಿಕ್ಕಿ, ಮುಂಚೆ ಒಂದು ಮದುವೆ ಗಿದುವೆ ಆಗಿದೆಯಾ ಅಂದರು.

"ಹೌದು."

ಬಾಗಿಲ ಮರೆಯಲ್ಲಿದ್ದ ಸಾಕಮ್ಮನ ಜೀವ ಬಾಯಿಗೆ ಬಂತು. "ಇಲ್ಲ ಅನ್ನೋ ಮುಂಡೇದೇ, ಇನ್ನೇನ್ ಕೇಳಿದ್ರೂ ಇಲ್ಲ ಅನ್ನು" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಆಗ್ಲಿ ಕಣವ್ವ."

ಆ ಕಡೆ ಅಪ್ಪ ಏಳುತ್ತಿದ್ದರು. ಅವರ ಭುಜ ಹಿಡಿದು ಕೂರಿಸಿ ಹೆಣ್ಣೇ ಮುಂದೆ ಬಂದಳು. ನಂಜಮಣಿ ಅಂತ, ಲಕ್ಷಣವಾದ ಹುಡುಗಿ. ನಗು ತಡೆಯಲಾರದೆ ಅಂದಳು:

"ಇರಪ್ಪ, ಯಾರೋ ಹೇಳ್ಕೊಟ್ಟವ್ರೆ. ಕೇಳಿದ್ದಕ್ಕೆಲ್ಲ ಹೌದು ಅನ್ನೋ ಗಂಡ ಬೇರೆಲ್ಲಿ ಸಿಗ್ತಾನೆ? ನಂಗೊಪ್ಪಿಗೆ. ಏನ್ರೀ, ನಾನು ನಿಮಗೊಪ್ಪಿಗೇನಾ?"

ಸಾಕಮ್ಮ ದೇವರಿಗೆ ಕೈ ಮುಗಿದಳು. ಜವರ ಒಮ್ಮೆ ಅವ್ವನ ಕಡೆ ನೋಡಿ, ಹೆಮ್ಮೆಯಿಂದ ಎದೆ ಸೆಟೆಸಿ, ಗಟ್ಟಿಯಾಗಿ ಹೇಳಿದ:

"ಇಲ್ಲ."