ಎಂಟು ಕಾಲಿನ ಕುದುರೆ

ನನ್ನ ಅಕ್ಷರ ದುಂಡಗಿಲ್ಲ, ಮಾತಿಗೂ ಹದವಿಲ್ಲ. ಮೊದಲ ಸಲ ಬರೆಯುತ್ತಿರುವವಳೆಂದು ಓದುವವರು ಸೈರಿಸಿಕೊಳ್ಳಬೇಕು.

“ಗು... ಗುರುಗಳೇ, ತ... ತಪ್ಪಾಗಿ ಹುಟ್ಟಿದವನು ಒಳ್ಳೆಯವರ ಸಾಲಿನಲ್ಲಿ ನಿಲ್ಲಬಹುದೇ?” ಎಂದು ಮರುಳಯ್ಯ ಕೇಳಿದನು.

ಮಠದಲ್ಲಿ ಮರುದಿನದ ಪ್ರಾರ್ಥನೆ ಹೇಳಿಕೊಡುವ ಸರದಿ ಅವನದು. ಅವನ ನಾಲಗೆ ಹುಟ್ಟಿನಿಂದಲೂ ತೊದಲುತ್ತಿತ್ತು. ಊರಿನವರೆದುರು ನಗೆಪಾಟಲಾಗುವುದಕ್ಕಿಂತ ಮಠವನ್ನೇ ಬಿಡುವುದು ಮೇಲೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದನು. ಗುರುಗಳು ಗಂಟನ್ನು ನೋಡಿದರು. ಅದರ ಮಾತೆತ್ತಲಿಲ್ಲ. ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಒಬ್ಬ ಬಳೆಗಾರ್ತಿಯಿದ್ದಳು. ಅವಳಿಗೆ ಒಬ್ಬಳೇ ಮಗಳು. ಆ ಸೀಮೆಯಲ್ಲಿ, ತಾಯಿಗೆ ತನ್ನ ತಾಯಿಯಿಂದ ಬಂದ ಬೆಳ್ಳಿ ನಾಣ್ಯವನ್ನು ಮದುವೆಯ ದಿನ ಮಗಳ ಮಡಿಲಕ್ಕಿಯಲ್ಲಿ ಇಡುವುದು ಪದ್ಧತಿ. ಇಡುವ ಮೊದಲು ಅದು ಗಂಡಿನ ಕಡೆಯ ಹೆಂಗಸರ ಕೈಯಿಂದ ಕೈಗೆ ಹೋಗಬೇಕು. ಬಳೆಗಾರ್ತಿಯ ನಾಣ್ಯದ ಮೇಲೆ ಓಡುವ ಕುದುರೆಯಿತ್ತು. ಹಬ್ಬ ಬಂದಾಗಲೆಲ್ಲ ಅದನ್ನು ತೊಳೆದು ಕಣ್ಣಿಗೊತ್ತಿಕೊಂಡವಳು, ಕುದುರೆಯ ಕಾಲುಗಳನ್ನು ಎಂದೂ ಎಣಿಸಿರಲಿಲ್ಲ.

ಮದುವೆಯ ದಿನ ಗಂಡಿನ ಸೋದರತ್ತೆ ಎಣಿಸಿದಳು.

“ಏನ್ರೀ ಬೀಗಿತ್ತಿ, ನಿಮ್ಮೂರ ಕುದುರೆಗೆ ಎಂಟು ಕಾಲೇನು? ಬಾಲವೂ ಎರಡು! ಖೋಟಾ ನಾಣ್ಯವಿಟ್ಟು ಹೆಣ್ಣು ಕಳಿಸುತ್ತೀರೋ?”

ಚಪ್ಪರದಲ್ಲಿ ವಾಲಗ ನಿಂತಿತು. ಬಳೆಗಾರ್ತಿ ಮಗಳ ಕಡೆ ನೋಡಿದಳು. ಮಡಿಲು ತುಂಬಿಸಿಕೊಂಡ ಮಗಳು ಮದುವೆ ಮುರಿದು ಏಳಬೇಕಾಗಿ ಬಂದರೆ, ಅವಳನ್ನು ಮತ್ತೆ ಹಸೆಮಣೆಗೆ ಕರೆಯುವವರಾರು?

ಗಂಡಿನ ಅಜ್ಜ ಚಿನಿವಾರ. ನಾಣ್ಯ ಪರೀಕ್ಷಿಸುತ್ತಲೇ ಮುಪ್ಪಾದವನು. ಮೊಮ್ಮಗನ ಮದುವೆಗೂ ಒರೆಗಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದನು. “ಕೊಡು ಇಲ್ಲಿ” ಎಂದು ನಾಣ್ಯವನ್ನು ಒರೆಗೆ ಹಚ್ಚಿದನು. ಕಲ್ಲಿನ ಮೇಲೆ ಬಡಿದು ನಾದ ಕೇಳಿದನು. ಕುದುರೆಯ ಕಾಲುಗಳ ಮೇಲೆ ಉಗುರು ಆಡಿಸಿದನು. ಆಮೇಲೆ ಸೋದರತ್ತೆಯ ಕಡೆ ತಿರುಗಿ ನಕ್ಕನು.

“ಯಾರಾದರೂ ಕೊರೆದ ಗೆರೆಯಾಗಿದ್ದರೆ ಬೆಳ್ಳಿ ತಗ್ಗಿರುತ್ತಿತ್ತು. ಇಲ್ಲಿ ಎಂಟು ಕಾಲೂ ಉಬ್ಬಿ ನಿಂತಿವೆ. ಟಂಕಸಾಲೆಯಲ್ಲಿ ಮೊದಲ ಪೆಟ್ಟು ಬಿದ್ದ ಮೇಲೆ ನಾಣ್ಯ ಎಳ್ಳಿನಷ್ಟು ಜರುಗಿದೆ. ಅದರ ಮೇಲೆ ಅಚ್ಚು ಇನ್ನೊಮ್ಮೆ ಬಿದ್ದಿದೆ. ಬೆಳ್ಳಿ ಅಪ್ಪಟ. ಅಲ್ಲವೇ ಮಗಳೇ, ಖೋಟಾ ನಾಣ್ಯ ಮಾಡುವವನು ಹೆದರಿ ಹೆದರಿ ಮಾಡುತ್ತಾನೆ. ಕುದುರೆಗೆ ಎಂಟು ಕಾಲಿಡುವ ಧೈರ್ಯ ಅವನಿಗೆಲ್ಲಿಂದ ಬರಬೇಕು?”

ಸೋದರತ್ತೆ ಬಾಯಿಗೆ ಸೆರಗು ಹಿಡಿದಳು. ನಗು ನಿಲ್ಲಲಿಲ್ಲ.

“ಹಾಗಿದ್ದರೆ ಇವಳು ತವರಿಗೆ ಹೋದರೂ ಎರಡರಷ್ಟು ಬೇಗ ತಿರುಗಿ ಬರುತ್ತಾಳೆ ಬಿಡಿ!” ಎಂದು ತಾನೇ ನಾಣ್ಯವನ್ನು ಮಡಿಲಿನಲ್ಲಿ ಇಟ್ಟಳು. ಚಪ್ಪರವೆಲ್ಲ ನಕ್ಕಿತು. ತಲೆ ತಗ್ಗಿಸಿ ಕುಳಿತಿದ್ದ ಹುಡುಗಿಯ ಕೈಬಳೆಗಳೂ ನಗುವಿಗೆ ಗಲಗಲ ಅಂದವು. ಬಳೆಗಾರ್ತಿ ಅಳುತ್ತಲೇ ಎಲ್ಲರಿಗೂ ಎರಡೆರಡು ಸಲ ಪಾಯಸ ಬಡಿಸಿದಳು.

ಕತೆ ಕೇಳುತ್ತ ಮರುಳಯ್ಯನೂ ನಕ್ಕಿದ್ದನು. ಆಮೇಲೆ ಗಂಟಿನ ನೆನಪಾಯಿತು.

“ಆ... ಆದರೆ ನಾ... ನಾಳೆ, ಗುರುಗಳೇ?”

ಗುರುಗಳು ಗಂಟನ್ನು ಎತ್ತಿ ಅವನ ಕೈಯಲ್ಲಿಟ್ಟು, ಮಠದ ಒಳಬಾಗಿಲನ್ನು ತೋರಿಸಿ ಹೇಳಿದರು: “ದೇವರ ಹೆಸರು ನಿನ್ನ ನಾಲಗೆಯಿಂದ ಎರಡು ಸಲ ಬಂದರೆ, ಮರುಳಾ, ಕೇಳುವ ನಮಗೆ ಒಂದು ಸಲ ಹೆಚ್ಚಾಗಿಯೇ ಸಿಕ್ಕಿತು.”

ಮರುಳಯ್ಯ ಎದ್ದನು. ಗಂಟು ಹಿಡಿದು ಒಳಕ್ಕೆ ಹೋದನು.

ಬರೆದದ್ದರಲ್ಲಿ ತಪ್ಪಿದ್ದರೆ ಓದಿದವರು ಕ್ಷಮಿಸಬೇಕು.