ಕೆಂಪು ಕವರು, ನೀಲಿ ಕವರು

"ಗುರುಗಳೇ, ಮತ್ಸರಪಡುವವರಿಗೆ ತಮ್ಮ ನಷ್ಟವೂ ಕಾಣುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ದೇವಸ್ಥಾನದ ಬಾಗಿಲಲ್ಲಿ ಒಬ್ಬ ಹೂವಾಡಗಿತ್ತಿ ಕೂರುತ್ತಿದ್ದಳು. ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಕೊಡುವಳು. ಭಕ್ತರು ಹೂವನ್ನು ಪೂಜೆಗೆ ಕೊಟ್ಟು, ಹೊರಬಂದು, ಎಲೆಯನ್ನು ಪಕ್ಕದಲ್ಲೇ ಕಟ್ಟಿದ್ದ ಅವಳ ಹಸುವಿನ ಮುಂದೆ ಹಾಕುವರು. ಅದು ಅಲ್ಲಿಯ ರೂಢಿ. ಹಸು ಆ ಎಲೆ ತಿಂದೇ ಬೆಳೆದಿತ್ತು. ಹೂವು ಹೋಗದ ದಿನವೂ ಅದರ ಹಾಲಿನಿಂದ ಮನೆ ನಡೆಯುತ್ತಿತ್ತು.

ಎದುರಿಗೆ ಇನ್ನೊಬ್ಬಳು ಬಂದು ಕೂತಳು. ಅವಳದೂ ಅದೇ ಮಲ್ಲಿಗೆ, ಅದೇ ಸೇವಂತಿಗೆ. ಆದರೆ ಕೊಡುವುದು ನೀಲಿ ಪ್ಲಾಸ್ಟಿಕ್ ಕವರಿನಲ್ಲಿ. ಜನ ಆ ಕಡೆಗೆ ಹರಿದರು.

"ಅಕ್ಕಾ, ನಿನ್ನ ಎಲೆ ಸೋರಿ ಪಾಪ ಆ ಟೀಚರಮ್ಮನ ಸೀರೆಯೆಲ್ಲ ಒದ್ದೆ! ನನ್ನ ಹತ್ರ ಕಳಿಸಬಾರದಿತ್ತೇ?" ಎಂದು ಹೊಸಬಳು ಕೂಗಿದಳು.

"ಮೊದಲು ನಿನ್ನ ಬಾಯಿಗೊಂದು ಕವರು ಕಟ್ಟಿಕೊಳ್ಳೇ!"

ಹೂವಾಡಗಿತ್ತಿ ಅಂದಳೇನೋ ಸರಿ, ಆ ದಿನ ಅವಳಿಗೆ ಅನ್ನ ಸೇರಲಿಲ್ಲ. ಎದುರಿನ ಬುಟ್ಟಿ ಎಷ್ಟು ಖಾಲಿಯಾಯಿತೆಂದು ನೋಡುವುದರಲ್ಲೇ ತನ್ನ ಬುಟ್ಟಿಯ ಹೂವು ಬಾಡಿತು. ಮರುದಿನವೇ ಕೆಂಪು ಕವರು ತಂದಳು. ಎದುರಿನವಳು ಒಂದು ಕೊಟ್ಟರೆ ಇವಳು ಎರಡು, ಹೂವಿಗೊಂದು, ಕಾಯಿಗೊಂದು. ಬೇಡವೆಂದವರ ಕೈಗೂ ತುರುಕಿದಳು.

ಭಕ್ತರ ಕೈ ಮಾತ್ರ ರೂಢಿ ಬಿಡಲಿಲ್ಲ. ಕೆಂಪಾಗಲಿ ನೀಲಿಯಾಗಲಿ, ಕವರನ್ನೂ ಹಸುವಿನ ಮುಂದೆಯೇ ಹಾಕಿದರು. ಒಳಗೆ ಹೂವಿನ ವಾಸನೆಯಿತ್ತು, ಬಾಳೆಹಣ್ಣಿನ ಸಿಪ್ಪೆಯಿತ್ತು. ಹಸು ಎಲೆಯೆಂದೇ ತಿಂದಿತು.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಹಸು ಹೊಟ್ಟೆ ಉಬ್ಬರಿಸಿಕೊಂಡು ಮೇವು ಬಿಟ್ಟು ನಿಂತಿತು. ಪಶುವೈದ್ಯರು ಬಂದು ಹೊಟ್ಟೆ ಕೊಯ್ದರು. ಮಂಕರಿ ತುಂಬ ಕವರು ಹೊರಬಂತು. ಅವರಿನ್ನೂ ಹೊಲಿಗೆ ಹಾಕುತ್ತಿದ್ದರು, ಅಷ್ಟರಲ್ಲೇ ಹೂವಾಡಗಿತ್ತಿ ಕವರುಗಳನ್ನು ತೊಳೆದು, ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಗುಡ್ಡೆ ಹಾಕತೊಡಗಿದಳು.

"ಏನಮ್ಮಾ ಮಾಡ್ತಿದ್ದೀ? ಬಂದು ಹಸುವಿನ ತಲೆ ಹಿಡಿದುಕೋ."

"ಸ್ವಲ್ಪ ತಾಳಿ ಸ್ವಾಮಿ. ಇದೆಲ್ಲ ಆ ಎದುರಿನವಳ ಕೆಲಸ. ಊರಿಗೆಲ್ಲ ತೋರಿಸ್ತೀನಿ."

ಗುಡ್ಡೆ ಹಾಕಿ ಮುಗಿಯಿತು. ಕೆಂಪು ಗುಡ್ಡೆ ನೀಲಿಯ ಎರಡರಷ್ಟಿತ್ತು. ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮುಖ ಅರಳಿತು. ಹಾಗಾದರೆ ಜನ ಬಂದದ್ದು ತನ್ನ ಕಡೆಗೇ ಹೆಚ್ಚು!

ಗುರುಗಳು ಕಥೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಸು ಬದುಕಿತೇ, ಗುರುಗಳೇ?"

"ಅದನ್ನು ಅವಳು ಇನ್ನೂ ಕೇಳಿಲ್ಲ."