ಗಡಿಗೆಗಳ ನಡುವಿನ ಹುಲ್ಲು

“ರೋಗ ಬರುವುದು ಜೀವಕೋಶಕ್ಕೆ, ಮದ್ದು ಕೊಡುವುದೂ ಜೀವಕೋಶಕ್ಕೆ. ಜೀವಕೋಶಗಳ ನಡುವೆ ತುಂಬಿರುವ ಲೋಳೆಯ ಬಗ್ಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು, ಗುರುಗಳೇ?”

ಹೀಗೆ ಕೇಳಿದವಳು ಶಿವಲೀಲಾ. ವೈದ್ಯಕೀಯ ಓದು ಮುಗಿಸಿ ಆಸ್ಪತ್ರೆಗೆ ಸೇರಿದ್ದಳು. ಮನಸ್ಸು ಭಾರವಾದಾಗ ತನಗೆ ಪಾಠ ಹೇಳಿದ್ದ ಅಡಿವೆಪ್ಪನವರ ಮನೆಗೆ ಬಂದು ಕೂರುತ್ತಿದ್ದಳು. ಆ ದಿನ ಅವಳ ಮನಸ್ಸು ತೀರ ಭಾರವಾಗಿತ್ತು. ಗಂಗವ್ವ ಎಂಬ ನೇಕಾರ ಹೆಣ್ಣುಮಗಳ ಮಂಡಿ ಬಾತು ಕೆಂಡವಾಗಿತ್ತು. ಕುಣಿಮಗ್ಗದಲ್ಲಿ ಕೂತು ಕಾಲಿನಿಂದ ತುಳಿದು ನೇಯುವವಳಿಗೆ ಮಂಡಿ ಹೋದರೆ ಬದುಕೇ ಹೋದಂತೆ. ಶಿವಲೀಲಾ ಮಂಡಿಯ ನೀರು ತೆಗೆದು, ಅದರಲ್ಲಿ ಕ್ರಿಮಿ ಹುಡುಕಿಸಿದಳು. ಸಿಗಲಿಲ್ಲ. ಕ್ರಿಮಿ ಇಲ್ಲದ ನೀರಿನಲ್ಲಿ ಇನ್ನೇನಿದೆ ಎಂದು ಉಳಿದದ್ದನ್ನು ನೋಡದೆಯೇ ಚೆಲ್ಲಿಸಿದಳು. ಆದರೂ ಎಲ್ಲೋ ಕ್ರಿಮಿ ಅಡಗಿರಲೇಬೇಕು ಎಂಬ ಹಟದಿಂದ ಅದಕ್ಕೇ ಮದ್ದು ಬದಲಿಸಿ ಬದಲಿಸಿ ಕೊಟ್ಟಳು. ಈಗ ಗಂಗವ್ವನಿಗೆ ಮಡಚಿದ ಕಾಲನ್ನು ಚಾಚಲು ಬರುತ್ತಿರಲಿಲ್ಲ.

ಆ ಲೋಳೆಯ ಬಗ್ಗೆ ಪುಸ್ತಕ ಏನು ಹೇಳುತ್ತದೆ ಎಂದು ಅಡಿವೆಪ್ಪನವರು ಕೇಳಿದರು. ಶಿವಲೀಲಾ ಪರೀಕ್ಷೆಗೆ ಓದಿದ್ದನ್ನು ಒಪ್ಪಿಸಿದಳು. ಅದರಲ್ಲಿ ಹಯಲುರೊನಾನ್ ಎಂಬ ನೀಳವಾದ ಎಳೆ ಇರುತ್ತದೆ. ಅದು ನೀರನ್ನು ಹಿಡಿದಿಟ್ಟು ಮೆತ್ತೆಯಾಗುತ್ತದೆ. ಆರೋಗ್ಯವಾದ ಮಂಡಿಯ ನೀರು ಎಳೆ ಎಳೆಯಾಗಿ ಇಳಿಯುವುದು ಅದರಿಂದಲೇ. ದೇಹ ಹಳೆಯ ಎಳೆಯನ್ನು ತೆಗೆದು ಹೊಸದನ್ನು ಹೆಣೆಯುತ್ತಲೇ ಇರುತ್ತದೆ. ನೀಳವಾಗಿದ್ದಾಗ ಅದು ತಂಪು. ತುಂಡು ತುಂಡಾದರೆ ಅದೇ ಉರಿ ಎಬ್ಬಿಸುತ್ತದೆ. ಇಷ್ಟು ಹೇಳಿ, ಏನೇ ಆದರೂ ಅದು ನಡುವೆ ತುಂಬುವ ಸಾಮಾನು ತಾನೆ ಎಂದಳು.

ಅಡಿವೆಪ್ಪನವರು ಅದಕ್ಕೆ ಉತ್ತರ ಕೊಡದೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಪ್ರತಿ ಗಡಿಗೆಯನ್ನೂ ಬೆರಳಿನಿಂದ ಬಡಿದು, ದನಿ ಕೇಳಿ, ಆಮೇಲೇ ಗಾಡಿಗೆ ಏರಿಸುವವನು. ಗಡಿಗೆ ಅವನ ಕೆಲಸ. ಗಡಿಗೆಗಳ ನಡುವೆ ಹುಲ್ಲು ಇಡುವುದು ಹೆಂಡತಿಯ ಕೆಲಸ. ಅವಳು ನೀಳವಾದ ಭತ್ತದ ಹುಲ್ಲನ್ನೇ ಆರಿಸಿ, ನೀರು ಚಿಮುಕಿಸಿ, ಹೊಸೆದು ಇಡುತ್ತಿದ್ದಳು. ಗಾಡಿ ಸಂತೆಯಿಂದ ಬಂದ ಕೂಡಲೇ ಆ ಹುಲ್ಲನ್ನು ಎತ್ತುಗಳಿಗೆ ಹಾಕಿ, ಮುಂದಿನ ಸಂತೆಗೆ ಹೊಸ ಹುಲ್ಲು ತರುತ್ತಿದ್ದಳು. ಕುಂಬಾರ ದಾರಿಯುದ್ದಕ್ಕೂ ಬೀಡಿ ಸೇದುತ್ತಿದ್ದ. ಬೀಡಿಯ ಕಿಡಿ ಹಿಂದಕ್ಕೆ ಹಾರಿ, ಹಸಿ ಹುಲ್ಲಿನ ಮೇಲೆ ಬಿದ್ದು ಆರುತ್ತಿತ್ತು. ಅದನ್ನು ಅವನು ಒಮ್ಮೆಯೂ ತಿರುಗಿ ನೋಡಿದವನಲ್ಲ.

ವಯಸ್ಸಾಯಿತು. ಹೆಂಡತಿಗೆ ಗಾಡಿ ಹತ್ತಲಾಗದಾಯಿತು. ಹುಲ್ಲಿನ ಕೆಲಸವೂ ಕುಂಬಾರನ ಕೊರಳಿಗೆ ಬಿತ್ತು. ಇದ್ದ ಹುಲ್ಲೇ ಸಾಕು ಎಂದು ಅವನು ಅದನ್ನು ಗಾಡಿಯಲ್ಲೇ ಬಿಟ್ಟ. ಸಂತೆಯಿಂದ ಸಂತೆಗೆ ಅದು ಒಣಗಿತು, ಮುರಿಯಿತು, ಪುಡಿಯಾಯಿತು.

“ಹುಲ್ಲು ಬದಲಿಸಿದಿರೇನು?” ಎಂದು ಹೆಂಡತಿ ಕೇಳಿದಳು.

“ಸಂತೆಯಲ್ಲಿ ಜನ ಬಡಿದು ನೋಡುವುದು ಗಡಿಗೆಯನ್ನ, ಹುಲ್ಲನ್ನಲ್ಲ” ಎಂದ ಕುಂಬಾರ.

ಮೊಮ್ಮಗಳ ಮದುವೆ ಬಂತು. ಮದುವೆಗೆ ಬಣ್ಣ ಬರೆದ ಐರಣಿ ಗಡಿಗೆಗಳು ಬೇಕು, ಅವುಗಳಲ್ಲಿ ಒಂದೂ ಬಿರಿದಿರಬಾರದು. ಕುಂಬಾರ ತನ್ನ ಕೈಯಾರೆ ಮಾಡಿದ. ಇಂಥ ಗಡಿಗೆಗಳನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮಗುವನ್ನು ಮಲಗಿಸುವ ಹಾಗೆ ಗಾಡಿಯಲ್ಲಿಟ್ಟು, ಬೀಡಿ ಹಚ್ಚಿ ಮದುವೆಮನೆಗೆ ಹೊರಟ.

ಕಿಡಿ ಎಂದಿನಂತೆ ಹಾರಿತು. ಈ ಸಲ ಅದು ಒಣ ಪುಡಿಯಲ್ಲಿ ಬಿತ್ತು. ಕುಂಬಾರ ತಿರುಗುವಷ್ಟರಲ್ಲಿ ಗಾಡಿಯೇ ಉರಿಯುತ್ತಿತ್ತು. ಒಂದು ಎತ್ತಿನ ಕೊರಳ ಹಗ್ಗ ಬಿಚ್ಚಿದ, ಇನ್ನೊಂದರದು ಆಗಲಿಲ್ಲ. ಕರುವಾಗಿದ್ದಾಗಿನಿಂದ ಸಾಕಿದ ಎತ್ತು ಅವನ ಕಣ್ಣೆದುರೇ ಬೆಂದುಹೋಯಿತು. ಗಡಿಗೆಗಳು ಉರುಳಿ ಒಡೆದವು.

ಬೆಂಕಿ ತಣ್ಣಗಾದ ಮೇಲೆ ಕುಂಬಾರ ಒಡೆದ ಗಡಿಗೆಗಳ ಬೋಕಿಗಳನ್ನು ಆರಿಸಿ, ಒಂದೊಂದನ್ನೂ ಕಲ್ಲಿಗೆ ತಟ್ಟಿ ಕೇಳಿದ. ಎಲ್ಲದರದೂ ಒಳ್ಳೆಯ ದನಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕೇಳಿಯೇ ಬೆಳೆದವನು ಅವನು. ಗಡಿಗೆಯಲ್ಲಿ ದೋಷವಿಲ್ಲದಿದ್ದರೆ ದೊಣ್ಣೆ ಹಿಡಿದವನು ಯಾರೋ ಇರಲೇಬೇಕು. ದಾರಿಯ ಪಕ್ಕದಲ್ಲಿ ಒಬ್ಬ ಕುರುಬ ಕುರಿ ಮೇಯಿಸುತ್ತಿದ್ದ. ಬೆಂಕಿ ಇಟ್ಟವನು ಇವನೇ ಎಂದು ಕುಂಬಾರ ಊರು ಕೂಡಿಸಿದ. ಜನ ಹಿಂದೆ ಮುಂದೆ ನೋಡದೆ ಕುರುಬನನ್ನು ಬಡಿದು, ಕುರಿಗಳ ಸಮೇತ ಗಡಿ ದಾಟಿಸಿದರು. ಬಡಪಾಯಿ ಏನು ತಪ್ಪು ಮಾಡಿದ್ದ?

ಮನೆಗೆ ಬಂದಾಗ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಬಹಳ ಹೊತ್ತು ಅತ್ತಳು. ಆಮೇಲೆ, ಹುಲ್ಲು ಎಂಥದಿತ್ತು ಎಂದು ಕೇಳಿದಳು. ಎತ್ತು ಸುಟ್ಟು ಸತ್ತಿರುವಾಗ ಇವಳಿಗೆ ಹುಲ್ಲಿನ ಚಿಂತೆ ಎಂದು ಕುಂಬಾರ ಹರಿಹಾಯ್ದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮದುವೆಗೆ ಬೇರೆ ಯಾರದೋ ಆವಿಗೆಯಲ್ಲಿ ಸುಟ್ಟ ಐರಣಿ ಬಂತು. ಕುಂಬಾರ ಹೋಗಲಿಲ್ಲ. ಕೆಲವು ಕಾಲದ ಮೇಲೆ ಹೊಸ ಗಾಡಿ ಮಾಡಿಸಿದ. ಗಡಿಗೆಗಳನ್ನು ಮೊದಲಿಗಿಂತ ಹೆಚ್ಚು ಗಮನವಿಟ್ಟು ಬಡಿದು ನೋಡಿದ. ಅವುಗಳ ನಡುವೆ, ಕಣದಲ್ಲಿ ಉಳಿದಿದ್ದ ಒಣ ಹೊಟ್ಟನ್ನು ಸುರಿದ. ದಾರಿಯಲ್ಲಿ ಕುರುಬರು ಯಾರಾದರೂ ಇದ್ದಾರೆಯೇ ಎಂದು ಆ ಕಡೆ ಈ ಕಡೆ ನೋಡುತ್ತ, ಬೀಡಿ ಹಚ್ಚಿಕೊಂಡು ಹೊರಟ.

ಕತೆ ಅಲ್ಲಿಗೆ ಮುಗಿಯಿತು. ಶಿವಲೀಲಾಳಿಗೆ ಕುಂಬಾರನ ಮೇಲೆ ಸಿಟ್ಟು ಬಂದಿತ್ತು. ಎಂಥ ಕುರುಡ, ಹೆಂಡತಿ ಕೇಳಿದ ಒಂದು ಮಾತಿಗೆ ಉತ್ತರ ಹುಡುಕಿದ್ದರೆ ಸಾಕಿತ್ತಲ್ಲ ಎಂದಳು.

ಅಡಿವೆಪ್ಪನವರು ಅವಳ ಮುಖ ನೋಡಿದರು.

“ಗಂಗವ್ವನ ಮಂಡಿಯ ನೀರು ಎಳೆ ಬಿಟ್ಟು ಇಳಿಯಿತೋ, ಬರೀ ನೀರಿನ ಹಾಗೆ ತೊಟ್ಟಿಕ್ಕಿತೋ, ತಾಯಿ?”